577101ರ ಕುಲಗೋತ್ರ

ಚಿಕ್ಕಮಗಳೂರಿನ ಬಹುತೇಕ ವಿಳಾಸಗಳ ಕೊನೆಗೆ ಆರು ಅಂಕಿಗಳಿರುತ್ತವೆ: 577101. ಲಗ್ನಪತ್ರಿಕೆಯ ಲಕೋಟೆ, ಕಾಫಿ ಕ್ಯೂರಿಂಗ್ ವರ್ಕ್ಸ್‌ನ ರಸೀದಿ, ಆಧಾರ್ ಕಾರ್ಡಿನ ಹಿಂಬದಿ, ಪಾರ್ಸೆಲ್ಲಿನ ಚೀಟಿ, ಎಲ್ಲ ಕಡೆಯೂ ಅದೇ. ಮೂಡಿಗೆರೆಯದು 577132, ಕಳಸದ್ದು 577124. ಆಯಾ ಊರಿನವರಿಗೆ ಇವು ಬಾಯಿಪಾಠ. ಆದರೆ ಇವನ್ನು ಯಾರೂ ‘ಐದು ಲಕ್ಷದ ಎಪ್ಪತ್ತೇಳು ಸಾವಿರದ ನೂರಾ ಒಂದು’ ಎಂದು ಓದುವುದಿಲ್ಲ. ‘ಐದು ಏಳು ಏಳು, ಒಂದು ಸೊನ್ನೆ ಒಂದು’ ಎನ್ನುತ್ತಾರೆ. ಹಾಗೆ ಹೇಳಿದಾಗ ಅದೊಂದು ಹೆಸರು. ಲಕ್ಷ, ಸಾವಿರಗಳಲ್ಲಿ ಓದಿದ ಕೂಡಲೇ ಅದು ಸಂಖ್ಯೆಯಾಗುತ್ತದೆ. ಸಂಖ್ಯೆಯಾದ ಮೇಲೆ ಅದಕ್ಕೆ ಅಂಚೆ ಇಲಾಖೆ ಕೊಡದ, ಕೊಡಲೂ ಆಗದ ಗುಣಗಳಿರುತ್ತವೆ.

ಪಿನ್‌ಕೋಡ್ ಪದ್ಧತಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದವರು ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿ ಶ್ರೀರಾಮ್ ಭಿಕಾಜಿ ವೇಲಣಕರ್. ಅವರು ಸಂಸ್ಕೃತ ಕವಿಯೂ ಹೌದು. ಒಂದೇ ಹೆಸರಿನ ಹತ್ತಾರು ಊರು, ಹಲವು ಲಿಪಿ, ಬಗೆಬಗೆಯ ಕಾಗುಣಿತ ಇರುವ ದೇಶದಲ್ಲಿ ಕಾಗದ ದಾರಿ ತಪ್ಪಬಾರದು ಎಂಬುದಷ್ಟೇ ಉದ್ದೇಶ. ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ. 56ರಿಂದ 59ರವರೆಗೆ ಕರ್ನಾಟಕ. ಮೂರು ಅಂಕಿ ಸೇರಿದ 577 ಒಂದು ವಿಂಗಡಣಾ ಜಿಲ್ಲೆ. ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗದ ಪಿನ್‌ಗಳೂ ಇದೇ ಮೂರು ಅಂಕಿಗಳಿಂದ ಶುರುವಾಗುತ್ತವೆ. ಉಳಿದ ಮೂರು ಅಂಕಿ ಅಂಚೆ ಕಚೇರಿಯನ್ನು ತೋರಿಸುತ್ತವೆ. ಈ ಏರ್ಪಾಟಿನಲ್ಲಿ ಗಣಿತದ ಯೋಚನೆ ಎಲ್ಲೂ ಇರಲಿಲ್ಲ. ಹಾಗಿದ್ದರೂ ಮೊದಲ ಮೂರು ಅಂಕಿಗಳಲ್ಲೇ ಒಂದು ಪ್ರಾಚೀನ ಗಣಿತ ಕೂತಿದೆ.

ಬೌಧಾಯನ ಶುಲ್ಬಸೂತ್ರ ಯಜ್ಞವೇದಿಗಳನ್ನು ಹಗ್ಗದಿಂದ ಅಳೆದು ಕಟ್ಟುವ ವಿಧಾನ ಹೇಳುವ ಗ್ರಂಥ. ಕಾಲ ಸುಮಾರು ಕ್ರಿ.ಪೂ. 800 ಎಂದು ಅಂದಾಜು. ಚೌಕದ ಪಕ್ಕ ಗೊತ್ತಿದ್ದರೆ ಕರ್ಣ ಎಷ್ಟು ಎಂಬುದಕ್ಕೆ ಅದು ಕೊಡುವ ಲೆಕ್ಕ ಹೀಗಿದೆ: ಪಕ್ಕಕ್ಕೆ ಅದರ ಮೂರನೇ ಒಂದು ಭಾಗ ಸೇರಿಸಿ, ಆ ಮೂರನೇ ಒಂದರ ನಾಲ್ಕನೇ ಒಂದು ಭಾಗ ಸೇರಿಸಿ, ಕೊನೆಗೆ ಸೇರಿಸಿದ ಆ ಭಾಗದ ಮೂವತ್ತನಾಲ್ಕನೇ ಒಂದನ್ನು ಕಳೆಯಿರಿ. ಇದನ್ನು ಒಂದೇ ಭಿನ್ನರಾಶಿಯಾಗಿ ಬರೆದರೆ ಬರುವುದು 577/408. ಎರಡರ ವರ್ಗಮೂಲಕ್ಕೆ ಇದು ಎಷ್ಟು ಹತ್ತಿರ ಎಂಬುದನ್ನು ಮಲೆನಾಡಿನ ಜಮೀನಿನಲ್ಲೇ ಅಳೆಯಬಹುದು. 408 ಅಡಿ ಪಕ್ಕದ ಚೌಕ ಎಂದರೆ ನಾಲ್ಕು ಎಕರೆಗೆ ತುಸು ಕಡಿಮೆ ಜಾಗ. ನೆಲ ಸಮತಟ್ಟಾಗಿದೆ ಎಂದುಕೊಂಡರೆ ಮೂಲೆಯಿಂದ ಮೂಲೆಗೆ 577 ಅಡಿ. ನಿಜವಾದ ಉದ್ದಕ್ಕೂ ಇದಕ್ಕೂ ವ್ಯತ್ಯಾಸ ಸುಮಾರು ಕಾಲು ಮಿಲಿಮೀಟರ್. 577ರ ವರ್ಗ 3,32,929. 408ರ ವರ್ಗದ ಎರಡರಷ್ಟು 3,32,928. ಒಂದೇ ಒಂದರ ಅಂತರ.

577 ಅವಿಭಾಜ್ಯವೂ ಹೌದು, 24ರ ವರ್ಗಕ್ಕೆ ಒಂದು ಸೇರಿದ್ದೂ ಹೌದು. ಹೀಗೆ ಒಂದು ವರ್ಗಕ್ಕೆ ಒಂದನ್ನು ಕೂಡಿಸಿದಾಗ ಸಿಗುವ ಅವಿಭಾಜ್ಯಗಳು ಮುಗಿಯದೆ ಬರುತ್ತಲೇ ಇರುತ್ತವೆಯೇ? 1912ರಲ್ಲಿ ಕೇಂಬ್ರಿಜ್‌ನ ಗಣಿತ ಸಮ್ಮೇಳನದಲ್ಲಿ ಎಡ್ಮಂಡ್ ಲ್ಯಾಂಡೌ ಎತ್ತಿದ ನಾಲ್ಕು ಪ್ರಶ್ನೆಗಳಲ್ಲಿ ಇದೂ ಒಂದು. ನೂರು ವರ್ಷ ದಾಟಿದರೂ ಉತ್ತರ ಸಿಕ್ಕಿಲ್ಲ.

ಈಗ ಇಡೀ ಆರು ಅಂಕಿಗೆ ಬರೋಣ. ಸಂಖ್ಯೆಯೊಂದರ ಸ್ವಭಾವ ತಿಳಿಯಲು ಗಣಿತಜ್ಞರು ಮೊದಲು ಮಾಡುವ ಕೆಲಸ ಅದನ್ನು ಅವಿಭಾಜ್ಯಗಳಿಗೆ ಒಡೆಯುವುದು. ಒಂದಕ್ಕಿಂತ ದೊಡ್ಡದಾದ ಯಾವ ಪೂರ್ಣಸಂಖ್ಯೆಯನ್ನೇ ತೆಗೆದುಕೊಂಡರೂ ಅದು ಒಡೆಯುವುದು ಒಂದೇ ರೀತಿಯಲ್ಲಿ. ಬೇರೆ ದಾರಿಯಿಂದ ಹೋದರೂ ಕೊನೆಗೆ ಅದೇ ತುಂಡುಗಳು. ಕಾರ್ಲ್ ಗೌಸ್ 1801ರಲ್ಲಿ ಇದಕ್ಕೆ ಸಂಪೂರ್ಣ ಸಾಧನೆ ಕೊಟ್ಟ. ಚಿಕ್ಕಮಗಳೂರಿನ ಸಂಖ್ಯೆ ಒಡೆಯುವುದು ಹೀಗೆ:

577101 = 3 × 7 × 27481

27481 ಇನ್ನು ಒಡೆಯುವುದಿಲ್ಲ. ಮೂರು ಬೇರೆ ಬೇರೆ ಅವಿಭಾಜ್ಯಗಳ ಗುಣಲಬ್ಧವಾದ ಇಂಥ ಸಂಖ್ಯೆಗಳಿಗೆ ಸ್ಫೀನಿಕ್ ಸಂಖ್ಯೆಗಳೆಂದು ಹೆಸರು. ಇಂಥದಕ್ಕೆ ಸರಿಯಾಗಿ ಎಂಟು ಭಾಜಕಗಳಿರುತ್ತವೆ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಈ ಕುಲದ ಅತ್ಯಂತ ಪ್ರಸಿದ್ಧ ಸದಸ್ಯ 1729. ಲಂಡನ್ನಿನ ಆಸ್ಪತ್ರೆಯಲ್ಲಿ ಮಲಗಿದ್ದ ರಾಮಾನುಜನ್, ಗಣಿತಜ್ಞ ಹಾರ್ಡಿ ಬಂದಿಳಿದ ಟ್ಯಾಕ್ಸಿಯ ಸಂಖ್ಯೆ ಕೇಳಿದೊಡನೆ ಅದನ್ನು ಎರಡು ಘನಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದೆಂದು ಹೇಳಿದ ಕಥೆ ಎಲ್ಲರಿಗೂ ಗೊತ್ತು. ಅದೇ 1729 ಒಡೆದರೆ 7 × 13 × 19. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಹೆಸರಾಂತ ಅರೇಬಿಕಾ ತಳಿ ಎಸ್. 795 ಕೂಡ ಇದೇ ಗುಂಪಿನ ಸಂಖ್ಯೆಯನ್ನೇ ಹೊತ್ತಿದೆ: 3 × 5 × 53.

ಮೂಡಿಗೆರೆ ಮತ್ತು ಕಳಸದ ಸಂಖ್ಯೆಗಳು ಬೇರೆ ಗುಂಪಿನವು. ಪೂರ್ಣಚಂದ್ರ ತೇಜಸ್ವಿ ಬದುಕಿ ಬರೆದ ಮೂಡಿಗೆರೆಯದು 2 × 2 × 157 × 919. ಭದ್ರೆಯ ದಂಡೆಯ ಕಳಸದ್ದು 2 × 2 × 223 × 647. ಎರಡರಲ್ಲೂ ಎರಡರ ವರ್ಗ ಒಂದು, ಅದರ ಜೊತೆ ಮೂರಂಕಿಯ ಎರಡು ಅವಿಭಾಜ್ಯ. ಎರಡಕ್ಕೂ ಹನ್ನೆರಡು ಭಾಜಕ. ಒಡೆಯುವ ಮಾದರಿ ಒಂದೇ ಆದ್ದರಿಂದ ಗಣಿತದ ವರ್ಗೀಕರಣದಲ್ಲಿ ಇವು ಒಂದೇ ಸಾಲಿಗೆ ಸೇರುತ್ತವೆ. ಕೊಪ್ಪದ 577126 ನಾಲ್ಕು ಬೇರೆ ಬೇರೆ ತುಂಡಾಗುತ್ತದೆ: 2 × 11 × 37 × 709. ಶೃಂಗೇರಿಯ 577139ರಲ್ಲಿ ಇಣುಕಿದರೆ ಒಂದು ಬೆಸ ವರ್ಗ ಕಾಣುತ್ತದೆ: 23 × 23 × 1091.

ಆಲ್ದೂರು ಇವೆಲ್ಲಕ್ಕಿಂತ ಭಿನ್ನ. ಅದರ ಪಿನ್ 577111. ಎರಡರಿಂದ ಆಗುವುದಿಲ್ಲ, ಮೂರರಿಂದ ಆಗುವುದಿಲ್ಲ, ಏಳು, ಹನ್ನೊಂದು, ಹದಿಮೂರು ಯಾವುದರಿಂದಲೂ ಭಾಗವಾಗುವುದಿಲ್ಲ. ಎಲ್ಲಿಯವರೆಗೆ ಪ್ರಯತ್ನಿಸಬೇಕು? ವರ್ಗಮೂಲದವರೆಗೆ ಸಾಕು. ಒಂದು ಸಂಖ್ಯೆ ಎರಡು ತುಂಡಾದರೆ ಅದರಲ್ಲಿ ಚಿಕ್ಕ ತುಂಡು ವರ್ಗಮೂಲವನ್ನು ಮೀರಲಾರದು. 577111ರ ವರ್ಗಮೂಲ 760ಕ್ಕೆ ತುಸು ಕಡಿಮೆ. ಅಲ್ಲಿಯವರೆಗೆ ಇರುವ ಅವಿಭಾಜ್ಯಗಳು 134, ಕೊನೆಯದು 757. ಆ 134ರಲ್ಲಿ ಒಂದರಿಂದಲೂ ಶೇಷವಿಲ್ಲದೆ ಭಾಗವಾಗದ 577111 ಅವಿಭಾಜ್ಯ ಸಂಖ್ಯೆ. ಹತ್ತು ಲಕ್ಷದೊಳಗೆ ಇಂಥವು 78,498 ಇವೆ. ಈ ಗಾತ್ರದ ಸಂಖ್ಯೆಗಳಲ್ಲಿ ಸರಾಸರಿ ಹದಿಮೂರಕ್ಕೆ ಒಂದು. ಬೆಟ್ಟದ ಆರು ಊರುಗಳನ್ನು ನೋಡಿದಾಗಲೇ ಒಂದು ಸಿಕ್ಕಿದೆ.

ಆಲ್ದೂರಿನ ಸಂಖ್ಯೆಗೆ ಇನ್ನೊಂದು ಗಡಸುತನವೂ ಇದೆ. ಯಾವ ಪೂರ್ಣಸಂಖ್ಯೆಯನ್ನಾದರೂ ನಾಲ್ಕು ವರ್ಗಗಳ ಮೊತ್ತವಾಗಿ ಬರೆಯಬಹುದು ಎಂದು 1770ರಲ್ಲಿ ಲಗ್ರಾಂಜ್ ಸಾಧಿಸಿದ. ಹಲವು ಸಂಖ್ಯೆಗಳಿಗೆ ಮೂರೇ ಸಾಕು. ಚಿಕ್ಕಮಗಳೂರಿನ 577101 ಅಂಥದು: 757, 46, 44 ಇವುಗಳ ವರ್ಗ ಕೂಡಿಸಿದರೆ ಸರಿಹೋಗುತ್ತದೆ. ಮೂಡಿಗೆರೆ, ಕಳಸಗಳಿಗೂ ಮೂರು ವರ್ಗ ಸಾಕು. ಆದರೆ 577111ನ್ನು ಎಂಟರಿಂದ ಭಾಗಿಸಿದರೆ ಏಳು ಉಳಿಯುತ್ತದೆ, ಹಾಗೆ ಏಳು ಉಳಿಯುವ ಸಂಖ್ಯೆಗಳಿಗೆ ಮೂರು ವರ್ಗ ಎಂದಿಗೂ ಸಾಲದು. ಅದಕ್ಕೆ ನಾಲ್ಕೂ ಬೇಕು: 759, 30, 11, 3. ಈ ನಾಲ್ಕನ್ನು ವರ್ಗ ಮಾಡಿ ಕೂಡಿ ನೋಡಬಹುದು.

ಇಲ್ಲಿಯವರೆಗಿನ ಗುಣಗಳು ಸಂಖ್ಯೆಯನ್ನು ಹೇಗೆ ಬರೆದರೂ ಬದಲಾಗುವುದಿಲ್ಲ. ಕಂಪ್ಯೂಟರಿನಂತೆ ಸೊನ್ನೆ ಒಂದುಗಳಲ್ಲಿ ಬರೆದರೂ ಆಲ್ದೂರು ಅವಿಭಾಜ್ಯವೇ. ನಾವು ಬರೆಯುವ ಹತ್ತಂಕಿ ಪದ್ಧತಿಗೆ ಅಂಟಿಕೊಂಡ ಗುಣಗಳು ಬೇರೆ ಇವೆ, ಅವುಗಳ ದೊಡ್ಡ ಅನ್ವೇಷಕ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1905ರಲ್ಲಿ ಡಹಾಣುವಿನಲ್ಲಿ ಹುಟ್ಟಿ, ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿ ದುಡಿದವರು. ವಿಶ್ವವಿದ್ಯಾಲಯದ ಹುದ್ದೆ ಇಲ್ಲ, ಸಂಶೋಧನೆಗೆ ಹಣವಿಲ್ಲ. ಸಂಖ್ಯೆಗಳ ಮೇಲಿನ ಪ್ರೀತಿಯೊಂದೇ ಬಂಡವಾಳ. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಅಂಕಣದಲ್ಲಿ ಬರೆದ ಮೇಲೆ ಜಗತ್ತು ಅವರತ್ತ ತಿರುಗಿ ನೋಡಿತು.

ತನ್ನ ಅಂಕಿಗಳ ಮೊತ್ತದಿಂದಲೇ ಶೇಷವಿಲ್ಲದೆ ಭಾಗವಾಗುವ ಸಂಖ್ಯೆಗೆ ಕಾಪ್ರೇಕರ್ ಹರ್ಷದ ಸಂಖ್ಯೆ ಎಂದು ಹೆಸರಿಟ್ಟರು. 577101ರ ಅಂಕಿಗಳನ್ನು ಕೂಡಿ: 5, 7, 7, 1, 0, 1. ಮೊತ್ತ 21. ಅದು ಒಡೆಯುವ ಬಗೆಯನ್ನು ಮತ್ತೊಮ್ಮೆ ನೋಡಿದರೆ ಮೂರೇಳು ಇಪ್ಪತ್ತೊಂದು ಅಲ್ಲಿಯೇ ಇದೆ. 21ರಿಂದ ಭಾಗಿಸಿದರೆ 27481, ಚೂರೂ ಶೇಷವಿಲ್ಲ. ಚಿಕ್ಕಮಗಳೂರು ಹರ್ಷದ ಸಂಖ್ಯೆ! ಮೂಡಿಗೆರೆಯ ಮೊತ್ತ 25. 32ರಿಂದ ಕೊನೆಯಾಗುವ ಸಂಖ್ಯೆಯನ್ನು 25 ಭಾಗಿಸಲಾರದು. ಕಳಸದ ಮೊತ್ತ 26, ಭಾಗಿಸಿದರೆ 2 ಉಳಿಯುತ್ತದೆ. ಎರಡರಲ್ಲಿ ತಪ್ಪಿಹೋಯಿತು.

ಹರ್ಷದವಾಗುವುದು ಅಂಥ ಅಪರೂಪವೇನಲ್ಲ ಎಂಬುದನ್ನೂ ಹೇಳಬೇಕು. ಹತ್ತು ಲಕ್ಷದವರೆಗೆ ಇವು 95,428, ಅಂದರೆ ಅವಿಭಾಜ್ಯಗಳಿಗಿಂತ ಹೆಚ್ಚು. ಆದರೆ ಭಾಗಿಸಿದಾಗ ಬರುವ ಭಾಗಲಬ್ಧವೂ ಅವಿಭಾಜ್ಯವಾಗಿರಬೇಕು ಎಂದು ಷರತ್ತು ಹಾಕಿದರೆ ಬಹುಪಾಲು ಉದುರಿಹೋಗುತ್ತವೆ. ಉಳಿದವಕ್ಕೆ ಮೊರಾನ್ ಸಂಖ್ಯೆಗಳೆಂದು ಹೆಸರು. ರಾಮಾನುಜನ್ನರ 1729 ಹರ್ಷದ ಸಂಖ್ಯೆ: ಅಂಕಿಗಳ ಮೊತ್ತ 19, ಭಾಗಲಬ್ಧ 91. ಆದರೆ 91 ಎಂದರೆ ಏಳು ಹದಿಮೂರು, ಹಾಗಾಗಿ ಅದು ಮೊರಾನ್ ಅಲ್ಲ. 27481 ಅವಿಭಾಜ್ಯವಾದ್ದರಿಂದ 577101 ಮೊರಾನ್ ಕೂಡ ಹೌದು. ಈ ಒಂದು ಪರೀಕ್ಷೆಯಲ್ಲಿ ಚಿಕ್ಕಮಗಳೂರು 1729ನ್ನು ದಾಟಿ ನಿಲ್ಲುತ್ತದೆ.

ಸಂಖ್ಯೆಗಳ ಹುಟ್ಟನ್ನೂ ಕಾಪ್ರೇಕರ್ ಕೇಳಿದರು. ಒಂದು ಸಂಖ್ಯೆಗೆ ಅದರದೇ ಅಂಕಿಗಳ ಮೊತ್ತ ಕೂಡಿಸಿದರೆ ಇನ್ನೊಂದು ಹುಟ್ಟುತ್ತದೆ. ಮೊದಲನೆಯದು ಎರಡನೆಯದರ ಜನಕ. ಯಾವುದಕ್ಕೆ ಜನಕವೇ ಇಲ್ಲವೋ ಅದು ಸ್ವಯಂಭೂ. 577101ಕ್ಕೆ ಒಬ್ಬನೇ ಜನಕ, 577068. ಅದರ ಅಂಕಿಗಳ ಮೊತ್ತ 33, ಕೂಡಿಸಿದರೆ ಚಿಕ್ಕಮಗಳೂರು ಬಂತು. ಮೂಡಿಗೆರೆಗೆ ಇಬ್ಬರು: 577106 ಮತ್ತು 577097. ಕಳಸಕ್ಕೂ ಇಬ್ಬರು: 577102 ಮತ್ತು 577093. ಎರಡು ದಿಕ್ಕಿನಿಂದ ದಾರಿ ಬಂದು ಕೂಡುವ ಇಂಥ ಸಂಖ್ಯೆಗಳನ್ನು ಕಾಪ್ರೇಕರ್ ಪ್ರತ್ಯೇಕ ವರ್ಗವಾಗಿಯೇ ಎಣಿಸಿದ್ದರು.

ಅವರ ಹೆಸರನ್ನು ಉಳಿಸಿದ್ದು ಮಾತ್ರ ಮತ್ತೊಂದು ಆಟ. 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ಅವರು ಅದನ್ನು ಮಂಡಿಸಿದರು. ಎಲ್ಲ ಅಂಕಿಗಳೂ ಒಂದೇ ಆಗಿರದ ಯಾವುದೇ ನಾಲ್ಕಂಕಿ ಸಂಖ್ಯೆ ತೆಗೆದುಕೊಳ್ಳಿ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದಲ್ಲಿ ಬರೆದದ್ದನ್ನು ಕಳೆಯಿರಿ. ಬಂದ ಉತ್ತರಕ್ಕೂ ಹಾಗೆಯೇ ಮಾಡಿ. ಏಳು ಹೆಜ್ಜೆಯೊಳಗೆ 6174 ಬಂದೇ ಬರುತ್ತದೆ, ಬಂದ ಮೇಲೆ ಕದಲುವುದಿಲ್ಲ. ಆರಂಕಿಯ ಸಂಖ್ಯೆಗಳಿಗೆ ವಿಧಿ ಇಷ್ಟು ಸರಳವಲ್ಲ. ಅಲ್ಲಿ ಕದಲದೆ ನಿಲ್ಲುವ ಸಂಖ್ಯೆಗಳು ಎರಡು: 549945 ಮತ್ತು 631764. ಇವೆರಡನ್ನೂ ತಲುಪದ ಸಂಖ್ಯೆಗಳು ಏಳು ಸಂಖ್ಯೆಗಳ ಒಂದು ಸುತ್ತಿಗೆ ಬಿದ್ದು ತಿರುಗುತ್ತಲೇ ಇರುತ್ತವೆ.

ಕಾಫಿ ಸೀಮೆಯ ಸಂಖ್ಯೆಗಳನ್ನು ಈ ದಾರಿಗೆ ಬಿಟ್ಟು ನೋಡೋಣ. ಚಿಕ್ಕಮಗಳೂರಿನ ಅಂಕಿಗಳ ಇಳಿಕೆ 775110, ಏರಿಕೆ 011577. ಕಳೆದರೆ 763533. ಮತ್ತೆ 765333ರಿಂದ 333567 ಕಳೆದರೆ 431766. ಮತ್ತೆ 766431ರಿಂದ 134667 ಕಳೆದರೆ 631764. ಮೂರೇ ಹೆಜ್ಜೆಗೆ ಸಂಖ್ಯೆ ನೆಲೆ ನಿಂತಿತು. ಇನ್ನು ಎಷ್ಟು ಬಾರಿ ಮಾಡಿದರೂ 631764 ಬಿಟ್ಟು ಬೇರೆ ಬರುವುದಿಲ್ಲ.

ಮೂಡಿಗೆರೆಗೆ ನಿಲುಗಡೆಯಿಲ್ಲ. 577132ರಿಂದ 651744, ಅಲ್ಲಿಂದ 620874, ಅಲ್ಲಿಂದ 851742. ಆಮೇಲೆ 750843, 840852, 860832, 862632, 642654, 420876, ಮತ್ತೆ 851742. ಇದೇ ಆ ಏಳರ ಸುತ್ತು. ಕಳಸ ಹೆಚ್ಚು ದೂರ ಅಲೆಯುತ್ತದೆ: 650844, 820872, 864432, 629964, 749943, 652644 ದಾಟಿ ಏಳನೇ ಹೆಜ್ಜೆಯಲ್ಲಿ 420876ಕ್ಕೆ ಬಂದು ಮೂಡಿಗೆರೆ ಇರುವ ಸುತ್ತಿಗೇ ಸೇರುತ್ತದೆ. ಶೃಂಗೇರಿ ಎರಡೇ ಹೆಜ್ಜೆಯಲ್ಲಿ ಅಲ್ಲಿ ಹಾಜರು. ಆಲ್ದೂರು ಐದನೇ ಹೆಜ್ಜೆಯಲ್ಲಿ 820872 ಮುಟ್ಟಿ ಕಳಸದ ಜಾಡು ಹಿಡಿಯುತ್ತದೆ. ಕೊಪ್ಪ ಮೊದಲ ಹೆಜ್ಜೆಯಲ್ಲೇ 650844ಕ್ಕೆ ಬರುತ್ತದೆ. ಮುಂದಿನದೆಲ್ಲ ಕಳಸದ್ದೇ ಹಾದಿ. ಆರು ಊರುಗಳಲ್ಲಿ ನೆಲೆ ನಿಂತದ್ದು ಜಿಲ್ಲಾ ಕೇಂದ್ರ ಒಂದೇ.

ಕೊಪ್ಪ ಮತ್ತು ಕಳಸ ಬೇರೆ ಬೇರೆ ಸಂಖ್ಯೆಗಳಾಗಿ ಒಂದೇ ಹೆಜ್ಜೆಗೆ ಕೂಡಿದ್ದು ಹೇಗೆ? ಕಾರಣ ಸ್ಪಷ್ಟವಾಗಿದೆ. ಈ ಕ್ರಿಯೆಯಲ್ಲಿ ಲೆಕ್ಕಕ್ಕೆ ಬರುವುದು ಮೂರು ಅಂತರಗಳು ಮಾತ್ರ: ಅತಿ ದೊಡ್ಡ ಅಂಕಿಗೂ ಅತಿ ಚಿಕ್ಕದಕ್ಕೂ ಇರುವ ಅಂತರ, ಎರಡನೆಯ ದೊಡ್ಡದು ಮತ್ತು ಎರಡನೆಯ ಚಿಕ್ಕದರದು, ನಡುವಿನ ಎರಡರದು. ಮೊದಲನೆಯದನ್ನು 99999ರಿಂದ, ಎರಡನೆಯದನ್ನು 9990ರಿಂದ, ಮೂರನೆಯದನ್ನು 900ರಿಂದ ಗುಣಿಸಿ ಕೂಡಿದರೆ ಉತ್ತರ. ಕಳಸದ ಅಂಕಿಗಳು 7, 7, 5, 4, 2, 1. ಅಂತರ 6, 5, 1. ಕೊಪ್ಪದವು 7, 7, 6, 5, 2, 1. ಅಂತರ ಮತ್ತೆ 6, 5, 1. ಉತ್ತರ ಬೇರೆಯಾಗುವ ಸಾಧ್ಯತೆಯೇ ಇಲ್ಲ. ವಿಸ್ಮಯ ಎನಿಸಿದ್ದರ ಹಿಂದೆ ಹೀಗೆ ಒಂದು ಕಾರಣ ಕಾಣಿಸಿಕೊಳ್ಳುವ ಗಳಿಗೆಯೇ ಗಣಿತದ ನಿಜವಾದ ಸುಖ.

ಗುಣಿಸುವ ಆ ಮೂರೂ ಸಂಖ್ಯೆಗಳು ಒಂಬತ್ತರ ಮಗ್ಗಿಯಲ್ಲಿವೆ, ಆದ್ದರಿಂದ ಪ್ರತಿ ಉತ್ತರವೂ ಒಂಬತ್ತರಿಂದ ಭಾಗವಾಗುತ್ತದೆ. ತೋಟದ ಲೆಕ್ಕ ಬರೆಯುವ ರೈಟರುಗಳಿಗೆ ಇದು ಉಪಯೋಗಕ್ಕೆ ಬರುವ ವಿಷಯ. ಹಣ್ಣು ಕುಯ್ದ ತೂಕ 57 ಕಿಲೋ ಎಂಬುದು 75 ಎಂದು ಬಿದ್ದರೆ ಲೆಕ್ಕ ತಪ್ಪುವುದು 18. 381 ಎಂಬುದು 831 ಆದರೆ 450. ಅಂಕಿಗಳು ಅದಲುಬದಲಾದಾಗ ಬರುವ ವ್ಯತ್ಯಾಸ ಯಾವಾಗಲೂ ಒಂಬತ್ತರ ಅಪವರ್ತ್ಯ. ಹಾಗಾಗಿ ತಾಳೆಯಾಗದ ಮೊತ್ತವನ್ನು ಮೊದಲು ಒಂಬತ್ತರಿಂದ ಭಾಗಿಸಿ ನೋಡಬೇಕು. ಶೇಷವಿಲ್ಲದೆ ಭಾಗವಾದರೆ ಅದಲುಬದಲನ್ನು ಹುಡುಕುವುದು ಒಳ್ಳೆಯದು.

ಅಂಕಿಗಳ ಈ ಆಟಗಳನ್ನು ದೊಡ್ಡ ಗಣಿತಜ್ಞರು ಬಹಳ ಮೆಚ್ಚಿದವರಲ್ಲ. ರಾಮಾನುಜನ್ನರನ್ನು ಜಗತ್ತಿಗೆ ತೋರಿಸಿಕೊಟ್ಟ ಹಾರ್ಡಿಯೇ 1940ರ ತನ್ನ ಪುಸ್ತಕದಲ್ಲಿ 8712 ಮತ್ತು 9801ರ ಉದಾಹರಣೆ ಕೊಟ್ಟು, ಇವು ತಮ್ಮನ್ನು ತಿರುವಿ ಬರೆದ ಸಂಖ್ಯೆಗಳಿಂದ ಭಾಗವಾಗುತ್ತವೆ, ಆದರೆ ಇದರಲ್ಲಿ ಗಣಿತಜ್ಞನ ಮನಸ್ಸನ್ನು ಸೆಳೆಯುವಂಥದು ಇಲ್ಲ ಎಂದು ತಳ್ಳಿಹಾಕಿದ. ಅವನ ವಾದದಲ್ಲಿ ಹುರುಳಿದೆ. ಮನುಷ್ಯನಿಗೆ ಹತ್ತು ಬೆರಳಿಲ್ಲದೆ ಬೇರೊಂದು ಪದ್ಧತಿಯಲ್ಲಿ ಬರೆಯುತ್ತಿದ್ದರೆ ಚಿಕ್ಕಮಗಳೂರು ಹರ್ಷದವಾಗಿ ಉಳಿಯುತ್ತಿತ್ತೆಂಬ ಖಾತ್ರಿಯಿಲ್ಲ. ಆದರೂ ಶಾಲೆಯ ಮೇಷ್ಟರೊಬ್ಬರು ಕಾಗದ ಪೆನ್ಸಿಲ್ ಹಿಡಿದು ಮಕ್ಕಳ ಜೊತೆ ಪ್ರವೇಶಿಸಬಹುದಾದ ಗಣಿತದ ಬಾಗಿಲು ಇದೇ. ಕಾಪ್ರೇಕರ್ ಆ ಬಾಗಿಲನ್ನು ತೆರೆದಿಟ್ಟರು, ಅದನ್ನು ಸಣ್ಣದೆಂದು ಕರೆಯುವುದು ಸರಿಯಲ್ಲ.

ಅಳತೆಯ ಸಂಖ್ಯೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. 1930 ಒಡೆದರೆ 2 × 5 × 193, ಅದೂ ಸ್ಫೀನಿಕ್. ಅಡಿಯಲ್ಲಿ ಅಳೆದರೆ 6,300ನ್ನು ದಾಟಿದ ಬೇರೆಯದೇ ಸಂಖ್ಯೆ ಬರುತ್ತದೆ, ಬೆಟ್ಟ ಮಾತ್ರ ಇದ್ದಲ್ಲೇ ಇರುತ್ತದೆ. ಆ ಗುಣ ಬೆಟ್ಟದ್ದಲ್ಲ, ನಾವು ಹಿಡಿದ ಅಳತೆಗೋಲಿನದು. ಕೆಎ-18 ಎಂದು ಶುರುವಾಗುವ ವಾಹನ ಸಂಖ್ಯೆಯಲ್ಲಿ ಅಂಕಿಗಳ ಮೊತ್ತ ಒಂಬತ್ತು ಬರಲೆಂದು ಹೆಚ್ಚಿನ ಹಣ ಕಟ್ಟುವವರಿಗೂ ಇದನ್ನೇ ಹೇಳಬೇಕು. ಒಂಬತ್ತರ ಗುಣ ಭಾಗಾಕಾರದಲ್ಲಿದೆ, ಗಾಡಿಯ ಹಣೆಬರಹದಲ್ಲಿ ಇಲ್ಲ.

ಸಂಖ್ಯೆಗಳ ಚೆಲುವಿಗೆ ಮನಸೋಲುವುದು ಕನ್ನಡ ನಾಡಿಗೆ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಹಿಂದುಮುಂದು ಎರಡೂ ಕಡೆಯಿಂದ ಒಂದೇ ರೀತಿ ಓದಬಹುದಾದ ಗುಣಲಬ್ಧಗಳನ್ನು ಅವನು ಕೊರಳ ಹಾರಗಳೆಂದು ಕರೆದು ಲೆಕ್ಕಗಳಾಗಿ ಕೊಟ್ಟಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 27994681ನ್ನು 441ರಿಂದ ಗುಣಿಸಿದರೆ 12345654321. ಈ ಕೊನೆಯದನ್ನು ಬಿಚ್ಚಿದರೆ 441 ಎಂಬುದು 21ರ ವರ್ಗ, ಇನ್ನೊಂದು 5291ರ ವರ್ಗ, ಉತ್ತರ 111111ರ ವರ್ಗ. ಚಿಕ್ಕಮಗಳೂರಿನ ಪಿನ್ ಒಳಗಿದ್ದ ಮೂರೇಳು ಇಪ್ಪತ್ತೊಂದು ಇಲ್ಲಿಯೂ ಕೆಲಸ ಮಾಡುತ್ತಿದೆ. ಮೂಡಿಗೆರೆ ತಾಲ್ಲೂಕಿನ ಅಂಗಡಿಯಿಂದ ಬೆಳೆದುಬಂದ ಹೊಯ್ಸಳರ ಕಾಲಕ್ಕೆ, ಹನ್ನೆರಡನೇ ಶತಮಾನದಲ್ಲಿ, ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ.

ಆರಂಕಿ ಇಂದಿನ ಗಣಿತಕ್ಕೆ ಚಿಕ್ಕ ಸಂಖ್ಯೆ. ದೊಡ್ಡದು ಬೇಕೆಂದರೆ ಮೂರು ಊರುಗಳನ್ನು ಸಾಲಾಗಿ ಜೋಡಿಸಬಹುದು: ಚಿಕ್ಕಮಗಳೂರು, ಮೂಡಿಗೆರೆ, ಕಳಸ. 577101577132577124, ಹದಿನೆಂಟು ಅಂಕಿ. ಮಹಾವೀರಾಚಾರ್ಯ ಏಕದಿಂದ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದ. ಅದರಂತೆ ಈ ಸಂಖ್ಯೆಯ ಮೊದಲ 5 ಇರುವುದು ಮಹಾಕ್ಷೋಣಿಯ ಸ್ಥಾನದಲ್ಲಿ. ಮೂರರಲ್ಲಿ ಯಾವುದೂ ಒಂಟಿಯಾಗಿ ಒಂಬತ್ತರಿಂದ ಭಾಗವಾಗದು. ಜೊತೆ ಸೇರಿದಾಗ ಅಂಕಿಗಳ ಮೊತ್ತ 72 ಆಗಿ ಭಾಗವಾಗುತ್ತದೆ. ಕೊನೆಯ ಎರಡಂಕಿ 24 ಆದ್ದರಿಂದ ನಾಲ್ಕರಿಂದಲೂ ಆಗುತ್ತದೆ. 36ನ್ನು ತೆಗೆದರೆ ಉಳಿಯುವುದು 16030599364793809.

ಈ ಹದಿನೇಳಂಕಿಯ ಉಳಿಕೆಯನ್ನು ಒಡೆಯಲು ಆಲ್ದೂರಿಗೆ ಬಳಸಿದ ದಾರಿ ಹಿಡಿದರೆ, ಅದರ ವರ್ಗಮೂಲವಾದ ಸುಮಾರು 12 ಕೋಟಿ 66 ಲಕ್ಷದವರೆಗಿನ ಅವಿಭಾಜ್ಯಗಳನ್ನು ಪರೀಕ್ಷಿಸಬೇಕಾಗಬಹುದು. ಅವು ಸುಮಾರು 72 ಲಕ್ಷ ಇವೆ. ಮನುಷ್ಯನಿಗೆ ಒಂದು ಜನ್ಮ ಸಾಲದು, ಕಂಪ್ಯೂಟರಿಗೆ ಕ್ಷಣದ ಕೆಲಸ. ಅಂಕಿಗಳು ನೂರಾರು ಆದಾಗ ಕಂಪ್ಯೂಟರೂ ಸೋಲುತ್ತದೆ. 1977ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಈ ಸೋಲನ್ನೇ ಬೀಗವಾಗಿ ಮಾಡಿಕೊಂಡರು. ಎರಡು ದೊಡ್ಡ ಅವಿಭಾಜ್ಯಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಹಿಂದಕ್ಕೆ ಪಡೆಯುವುದು ಕಷ್ಟ. ಅವರ ಹೆಸರುಗಳ ಮೊದಲಕ್ಷರ ಹೊತ್ತ ಆರ್‌ಎಸ್‌ಎ ಪದ್ಧತಿಯಲ್ಲಿ ಸಾಮಾನ್ಯವಾಗಿ ಬಳಸುವ ಸಂಖ್ಯೆಗೆ 617 ಅಂಕಿ. ಸವಾಲಾಗಿ ಇಟ್ಟ 250 ಅಂಕಿಯ ಸಂಖ್ಯೆಯೊಂದು 2020ರಲ್ಲಿ ಒಡೆಯಿತು, ಅದಕ್ಕೆ ಸಾವಿರಾರು ಕಂಪ್ಯೂಟರ್ ವರ್ಷಗಳ ಶ್ರಮ ಬೇಕಾಯಿತು. ಸೋಜಿಗವೆಂದರೆ, ಒಂದು ಸಂಖ್ಯೆ ಅವಿಭಾಜ್ಯವೇ ಅಲ್ಲವೇ ಎಂದು ಮಾತ್ರ ತಿಳಿಯಲು ಅಷ್ಟು ಕಷ್ಟವಿಲ್ಲ. 2002ರಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದಕ್ಕೆ ಖಚಿತವಾದ, ವೇಗದ ದಾರಿ ತೋರಿಸಿ ಜಗತ್ತನ್ನು ಬೆರಗುಗೊಳಿಸಿದರು.

ದೊಡ್ಡ ಸಂಖ್ಯೆಗಳೆಂದರೆ ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿಯನ್ನು ನೆನೆಯದೆ ಇರಲಾಗದು. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಅವರಿಗೆ ಹದಿಮೂರಂಕಿಯ ಎರಡು ಸಂಖ್ಯೆ ಕೊಡಲಾಯಿತು: 7686369774870 ಮತ್ತು 2465099745779. ಇಪ್ಪತ್ತೆಂಟು ಸೆಕೆಂಡಿನಲ್ಲಿ ಉತ್ತರ ಬಂತು: 18947668177995426462773730. ಇಷ್ಟು ದೊಡ್ಡ ಗುಣಾಕಾರವನ್ನು ಓದುಗರೂ ಒಂದು ನಿಮಿಷದಲ್ಲಿ ಪರಿಶೀಲಿಸಬಹುದು. ಮೊದಲ ಸಂಖ್ಯೆಯ ಅಂಕಿಗಳ ಮೊತ್ತ 78, ಒಂಬತ್ತರಿಂದ ಭಾಗಿಸಿದರೆ ಶೇಷ 6. ಎರಡನೆಯದರ ಮೊತ್ತ 74, ಶೇಷ 2. ಆರೆರಡಲೆ ಹನ್ನೆರಡು, ಶೇಷ 3. ಉತ್ತರದ ಅಂಕಿಗಳ ಮೊತ್ತ 138, ಶೇಷ 3. ತಾಳೆಯಾಯಿತು. ಒಂಬತ್ತರ ಈ ಪರೀಕ್ಷೆಯೊಂದೇ ಪೂರ್ತಿ ಪುರಾವೆಯಾಗದು, ಹನ್ನೊಂದರದನ್ನೂ ಸೇರಿಸಿದರೆ ನಂಬಿಕೆ ಗಟ್ಟಿಯಾಗುತ್ತದೆ: ಎರಡನೆಯ ಸಂಖ್ಯೆ ಹನ್ನೊಂದರಿಂದ ಭಾಗವಾಗುತ್ತದೆ, ಉತ್ತರವೂ ಆಗುತ್ತದೆ.

ಈಗ ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ 2024ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಎರಡನ್ನು 13,62,79,841 ಬಾರಿ ಗುಣಿಸಿ ಒಂದು ಕಳೆದರೆ ಅದು ಸಿಗುತ್ತದೆ. ಅಂಕಿಗಳು ನಾಲ್ಕು ಕೋಟಿ ಹತ್ತು ಲಕ್ಷವನ್ನು ಮೀರಿವೆ. ಅದನ್ನು ಕಂಡದ್ದು 1996ರಿಂದ ನಡೆಯುತ್ತಿರುವ ಒಂದು ಸ್ವಯಂಸೇವಕ ಯೋಜನೆಯಲ್ಲಿ, ಜಗತ್ತಿನ ನಾನಾ ಕಡೆಯವರು ಕೆಲಸ ಹಂಚಿಕೊಂಡು.

ಮಲೆನಾಡಿನ ಶಾಲೆಗಳಲ್ಲಿಯೂ ಕೆಲಸ ಹಂಚಿಕೊಳ್ಳಬಹುದು. ಏಳನೇ ತರಗತಿಯ ಮಕ್ಕಳಿಗೆ ಭಾಜಕ, ಶೇಷ, ಅವಿಭಾಜ್ಯ ಎಲ್ಲ ಗೊತ್ತು. ಗಣಿತದ ಮೇಷ್ಟರುಗಳು ಒಂದು ಪೀರಿಯಡ್ಡಿನಲ್ಲಿ ಊರಿನ ಪಿನ್‌ಕೋಡನ್ನು ಕಪ್ಪುಹಲಗೆಯ ಮೇಲೆ ಬರೆದು, ಅದನ್ನು ಒಡೆಯಲು ಹೇಳಲಿ. ಮೂವತ್ತು ಮಕ್ಕಳಿದ್ದರೆ 134 ಭಾಗಾಕಾರಗಳಲ್ಲಿ ಒಬ್ಬೊಬ್ಬರ ಪಾಲಿಗೆ ಬರುವುದು ನಾಲ್ಕೈದು. ಬಣಕಲ್, ಬಾಳೆಹೊನ್ನೂರು, ಹೊರನಾಡು, ಕೊಟ್ಟಿಗೆಹಾರದ ಸಂಖ್ಯೆಗಳು ಇಲ್ಲಿ ಲೆಕ್ಕಕ್ಕೆ ಬಂದಿಲ್ಲ. ಅವನ್ನು ಅಲ್ಲಿಯ ಮಕ್ಕಳೇ ಮಾಡಿ ತೋರಿಸಲಿ.